ಸರೋಗಸಿ ದಾರಿಯಲ್ಲಿ ಎಡವಿದಾಗ: ಎಲ್ಲಿ, ಏಕೆ, ಮುಂದೇನು

ಸರೋಗಸಿಯ, ಅಂದರೆ ದಂಪತಿಗಾಗಿ ಇನ್ನೊಬ್ಬ ಮಹಿಳೆ (ಹೊರುವಾಕೆ) ಗರ್ಭ ಹೊತ್ತು ಹೆರುವ ವ್ಯವಸ್ಥೆಯ, ಮಾತು ಮನೆಯೊಳಗೆ ಬರುವ ಹೊತ್ತಿಗೆ ದಂಪತಿ ಆಗಲೇ ಅರ್ಧ ದಣಿದಿರುತ್ತಾರೆ. ಹುಟ್ಟಿನಿಂದಲೇ ಗರ್ಭಕೋಶ ಇಲ್ಲವೆಂದು ಹದಿಹರೆಯದಲ್ಲಿ ತಿಳಿದವರು, ಕ್ಯಾನ್ಸರ್ ಬಂದು ಗರ್ಭಕೋಶ ತೆಗೆಸಿದವರು, ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ) ಮೇಲೆ ಐವಿಎಫ್ ಮಾಡಿಸಿ ಕೈಚೆಲ್ಲಿದವರು, ಮೂರ್ನಾಲ್ಕು ಸಲ ಗರ್ಭ ನಿಂತು ಕಳೆದುಕೊಂಡವರು. ಇನ್ನೊಬ್ಬರು ಹೊರುತ್ತಾರೆಂದರೆ ಇನ್ನು ಸಲೀಸು ಎಂದು ಸುತ್ತಲಿನವರು ಹೇಳುತ್ತಾರೆ, ನಾವೂ ಹಾಗೇ ಎಣಿಸಿದ್ದೆವು. ಆದರೆ ಈ ದಾರಿಗೆ ಅದರದ್ದೇ ಆದ ತಡೆಗಳಿವೆ, ಅವು ಒಂದಾದ ಮೇಲೊಂದು ಬರುತ್ತವೆ. ನಡೆದು ಬಂದ ಮೇಲೆ ನಮಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು: ‘ಆಗಲಿಲ್ಲ’ ಎಂಬ ಒಂದೇ ಮಾತಿನೊಳಗೆ ಹತ್ತು ಬೇರೆ ಬೇರೆ ಕಾರಣಗಳಿರುತ್ತವೆ. ಯಾವ ಹೆಜ್ಜೆ ತಪ್ಪಿತೆಂದು ಬಿಡಿಸಿ ನೋಡಿದವರಿಗೆ ಮುಂದಿನ ಹೆಜ್ಜೆ ಕಾಣುತ್ತದೆ. ಒಟ್ಟಾಗಿ ಹಣೆಬರಹ ಎಂದುಕೊಂಡವರು ಅಲ್ಲೇ ನಿಲ್ಲುತ್ತಾರೆ.

ಮೊದಲು ಕಾನೂನಿನ ಗಡಿಗಳು, ಏಕೆಂದರೆ ಇಲ್ಲಿ ಎಲ್ಲಕ್ಕಿಂತ ಬೇಗ ಖರ್ಚಾಗುವುದು ಸಮಯ. ಸರೋಗಸಿ ನಿಯಂತ್ರಣ ಕಾಯ್ದೆ 2021 ಜಾರಿಗೆ ಬಂದದ್ದು 2022ರ ಜನವರಿ 25ರಂದು. ದಂಪತಿಗೆ ಅರ್ಹತಾ ಪ್ರಮಾಣಪತ್ರ ಸಿಗುವ ದಿನ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷದೊಳಗಿರಬೇಕು. ಬದುಕಿರುವ ಮಗು ಇರಬಾರದು, ದತ್ತು ಮಗುವೂ ಲೆಕ್ಕಕ್ಕೆ ಬರುತ್ತದೆ. ಮಗುವಿಗೆ ಮಾನಸಿಕ ಅಥವಾ ದೈಹಿಕ ವೈಕಲ್ಯವಿದ್ದರೆ, ಜೀವಕ್ಕೆ ಅಪಾಯ ತರುವ ವಾಸಿಯಾಗದ ಕಾಯಿಲೆಯಿದ್ದರೆ ವಿನಾಯಿತಿ ಇದೆ. ವಿಧವೆ ಅಥವಾ ವಿಚ್ಛೇದಿತೆ ಒಂಟಿಯಾಗಿ ಬರುವುದಾದರೆ 35ರಿಂದ 45. ಹೊರುವಾಕೆಗೆ 25ರಿಂದ 35, ಮದುವೆಯಾಗಿರಬೇಕು, ಸ್ವಂತ ಮಗು ಇರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ ಸರೋಗಸಿ. ಆ ಒಮ್ಮೆಯೊಳಗೆ ಪ್ರಯತ್ನಗಳು ಮೂರನ್ನು ಮೀರುವಂತಿಲ್ಲ. ಕಾಯ್ದೆ ಬರುವ ಮೊದಲೇ ಭ್ರೂಣ ಹೆಪ್ಪುಗಟ್ಟಿಸಿ ಇಟ್ಟಿದ್ದ ದಂಪತಿಗಳಿಗೆ ಈ ವಯೋಮಿತಿ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಅದಕ್ಕೂ ಮೊದಲು, 2023ರಲ್ಲಿ, 55 ದಾಟಿದ್ದ ಪತಿಯೊಬ್ಬರ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ ಬರೀ ವಯಸ್ಸು ನೋಡಿ ಬಾಗಿಲು ಹಾಕದೆ ಆನುವಂಶಿಕ, ದೈಹಿಕ, ಆರ್ಥಿಕ ಎಂಬ ಮೂರು ಪರೀಕ್ಷೆ ಮಾಡಿ ನೋಡಿ ಎಂದಿತ್ತು. ಹೀಗೆ ಬಾಗಿಲು ತೆರೆದದ್ದುಂಟು. ಆದರೂ ಕೋರ್ಟನ್ನೇ ನೆಚ್ಚಿಕೊಂಡು ವರ್ಷ ಕಳೆಯಬೇಡಿ.

ಸಮಯ ಹೀಗೆ ಓಡುವುದರಿಂದ ಕೆಲಸದ ಕ್ರಮ ಮುಖ್ಯ. ಮೊದಲು ಭ್ರೂಣ, ಆಮೇಲೆ ಹೊರುವಾಕೆ. ಬಹಳಷ್ಟು ಮನೆಗಳಲ್ಲಿ ಇದು ತಿರುಗುಮುರುಗಾಗುತ್ತದೆ. ನಾದಿನಿಯೋ ಅಕ್ಕನ ಮಗಳೋ ಒಪ್ಪಿದಳೆಂಬ ಸಂತೋಷದಲ್ಲಿ ಅವಳ ಕಾಗದಪತ್ರವನ್ನೆಲ್ಲ ಮುಗಿಸಿ, ಆಮೇಲೆ ಅಂಡ ತೆಗೆಯಲು ಕೂರುತ್ತಾರೆ. ಒಂದು ಸುತ್ತಿನಲ್ಲಿ ಒಳ್ಳೆಯ ಭ್ರೂಣ ಸಿಗದೆ ಹೋದರೆ ಎರಡನೆಯ ಸುತ್ತು, ಮೂರನೆಯ ಸುತ್ತು. ಅಷ್ಟರಲ್ಲಿ ಅವಳಿಗೆ 35 ತುಂಬುತ್ತದೆ, ಇಲ್ಲವೇ ಅವಳ ಮನೆಯ ಪರಿಸ್ಥಿತಿ ಬದಲಾಗಿರುತ್ತದೆ.

ಅಂಡದ ಲೆಕ್ಕವನ್ನು ಮೊದಲೇ ತಿಳಿದಿದ್ದರೆ ಎದೆ ಒಡೆಯುವುದು ಕಡಿಮೆ. ಒಂಬತ್ತರಿಂದ ಹನ್ನೆರಡು ದಿನ ಹಾರ್ಮೋನ್ ಇಂಜೆಕ್ಷನ್, ಅಂಡ ಬಲಿಸುವ ಕೊನೆಯ ‘ಟ್ರಿಗರ್’ ಇಂಜೆಕ್ಷನ್ ಕೊಟ್ಟು ಸುಮಾರು 36 ಗಂಟೆಗೆ ಅಂಡ ಹೊರತೆಗೆಯುತ್ತಾರೆ. ಹತ್ತು ಅಂಡ ಬಂದರೆ ಬಲಿತದ್ದು ಸುಮಾರು ಎಂಟು, ಫಲಿತಗೊಳ್ಳುವುದು ಐದಾರು, ಐದನೇ ದಿನದ ಬ್ಲಾಸ್ಟೊಸಿಸ್ಟ್ (ಇಡಲು ತಕ್ಕಷ್ಟು ಬೆಳೆದ ಭ್ರೂಣ) ಆಗಿ ಉಳಿಯುವುದು ಎರಡು ಅಥವಾ ಮೂರು. ಇಷ್ಟು ಕಳೆದುಹೋಗುವುದು ಸಹಜ, ಅದು ಲ್ಯಾಬ್‌ನ ದೋಷವೇ ಆಗಿರಬೇಕೆಂದಿಲ್ಲ. ಇನ್ನು ಆ ಎರಡು ಮೂರರಲ್ಲಿ ವರ್ಣತಂತು (ಕ್ರೋಮೋಸೋಮ್) ಸರಿ ಇರುವವು ಎಷ್ಟು ಎಂಬುದನ್ನು ತೀರ್ಮಾನಿಸುವುದು ಅಂಡ ಕೊಟ್ಟವರ ವಯಸ್ಸು. ನಲವತ್ತು ದಾಟಿದವರ ಭ್ರೂಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ವರ್ಣತಂತು ದೋಷದವೇ. ಹೊರುವಾಕೆ ಎಷ್ಟೇ ಆರೋಗ್ಯವಂತಳಾಗಿರಲಿ, ಭ್ರೂಣದ ವಯಸ್ಸು ಇಳಿಯುವುದಿಲ್ಲ. ಹಾಗಾಗಿ ಕೈಯಲ್ಲಿ ಕನಿಷ್ಠ ಮೂರು ನಾಲ್ಕು ಒಳ್ಳೆಯ ಬ್ಲಾಸ್ಟೊಸಿಸ್ಟ್ ಕೂಡುವವರೆಗೆ ಹೊರುವಾಕೆಯ ಅರ್ಜಿ ಹಾಕದಿರುವುದು ನಮ್ಮ ಪ್ರಕಾರ ಜಾಣತನ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅವು ಕೆಡದೆ ಇರುತ್ತವೆ, ಕಾನೂನು ಹತ್ತು ವರ್ಷದವರೆಗೆ ಇಡಲು ಬಿಡುತ್ತದೆ. ಒಂದು ಎಚ್ಚರಿಕೆ: ಐವಿಎಫ್‌ಗೆ ನೋಂದಣಿ ಇರುವ ಕ್ಲಿನಿಕ್ಕಿಗೆಲ್ಲ ಸರೋಗಸಿಗೆ ನೋಂದಣಿ ಇರುವುದಿಲ್ಲ, ಅದು ಬೇರೆಯೇ ಆಗಬೇಕು. ಮೊದಲ ಭೇಟಿಯಲ್ಲೇ ಸರೋಗಸಿ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಇಲ್ಲವಾದರೆ ಮುಂದೆ ಭ್ರೂಣಗಳನ್ನು ಸಾರಜನಕದ ಪಾತ್ರೆಯಲ್ಲಿ ಊರಿನ ಇನ್ನೊಂದು ಮೂಲೆಗೆ ಸಾಗಿಸಬೇಕಾಗುತ್ತದೆ.

ದಾನಿಯ ಅಂಡ ಅಥವಾ ವೀರ್ಯದ ನಿಯಮ ಎರಡು ಸಲ ತಿರುಗಿದೆ, ಹಳೆಯ ಮಾಹಿತಿ ಓದಿ ಎಷ್ಟೋ ಜನ ಸುಮ್ಮನೆ ಕೈಬಿಟ್ಟಿದ್ದಾರೆ. 2023ರ ಮಾರ್ಚ್‌ನಲ್ಲಿ ಗಂಡ ಹೆಂಡತಿ ಇಬ್ಬರದೂ ಇರಲೇಬೇಕು ಎಂದು ತಿದ್ದಿದರು. 2024ರ ಫೆಬ್ರವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಇಬ್ಬರಲ್ಲಿ ಒಬ್ಬರಿಗೆ ವೈದ್ಯಕೀಯ ತೊಂದರೆಯಿದೆಯೆಂದು ಜಿಲ್ಲಾ ವೈದ್ಯಕೀಯ ಮಂಡಳಿ ಬರೆದುಕೊಟ್ಟರೆ ಅವರದರ ಬದಲು ದಾನಿಯದನ್ನು ಬಳಸಬಹುದು, ಆದರೆ ಅಂಡ ವೀರ್ಯಗಳಲ್ಲಿ ಉಳಿದ ಒಂದು ಈ ದಂಪತಿಯದೇ ಆಗಿರಬೇಕು. ಒಂಟಿ ಮಹಿಳೆಗೆ ಮಾತ್ರ ತನ್ನದೇ ಅಂಡ ಕಡ್ಡಾಯ.

ಆ ಜಿಲ್ಲಾ ಮಂಡಳಿಯೇ ಕಾಗದದ ದಾರಿಯ ಮೊದಲ ಮೆಟ್ಟಿಲು. ಸರೋಗಸಿ ಏಕೆ ಬೇಕೆಂಬುದನ್ನು ಅದು ಒಪ್ಪಬೇಕು. ನಿಯಮದಲ್ಲಿ ಹೇಳಿರುವ ಕಾರಣಗಳು ಸ್ಪಷ್ಟ: ಗರ್ಭಕೋಶ ಇಲ್ಲದಿರುವುದು, ಅದರ ರಚನೆ ಸರಿಯಿಲ್ಲದಿರುವುದು ಅಥವಾ ತೆಗೆದುಹಾಕಿರುವುದು, ಐವಿಎಫ್ ಪದೇಪದೇ ವಿಫಲವಾಗಿರುವುದು, ಕಾರಣ ತಿಳಿಯದೆ ಹಲವು ಗರ್ಭಪಾತಗಳಾಗಿರುವುದು, ಗರ್ಭ ಹೊತ್ತರೆ ತಾಯಿಯ ಜೀವಕ್ಕೇ ಕುತ್ತು ತರುವ ಕಾಯಿಲೆ ಇರುವುದು. ಗರ್ಭಕೋಶ ಇಲ್ಲದವರಿಗೆ ಎಂಆರ್‌ಐ ವರದಿಯೇ ಮಾತಾಡುತ್ತದೆ. ಕಷ್ಟ ಬರುವುದು ಐವಿಎಫ್ ಸೋತವರಿಗೆ. ನಾಲ್ಕು ಸಲ ಮಾಡಿಸಿದ್ದೇವೆ ಎಂಬ ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ. ಪ್ರತಿ ಸುತ್ತಿನಲ್ಲಿ ಎಷ್ಟು ಭ್ರೂಣ, ಎಂಥವು, ಯಾವ ತಾರೀಖು ಇಟ್ಟರು, ಎಂಡೊಮೆಟ್ರಿಯಂ (ಗರ್ಭಕೋಶದ ಒಳಪದರ) ಎಷ್ಟು ಮಿಲಿಮೀಟರ್ ಇತ್ತು, ಬೀಟಾ ಎಚ್‌ಸಿಜಿ (ಗರ್ಭ ನಿಂತಿದೆಯೇ ಎಂದು ತಿಳಿಸುವ ಹಾರ್ಮೋನ್) ಎಷ್ಟು ಬಂತು ಎಂಬುದೆಲ್ಲ ಇರುವ ಸಾರಾಂಶ ಪತ್ರವನ್ನು ಹಳೆಯ ಕ್ಲಿನಿಕ್ಕಿನಿಂದ ಸಹಿ ಮೊಹರು ಸಮೇತ ಪಡೆಯಬೇಕು. ಕೊಡಲು ಸತಾಯಿಸಿದರೆ ಬರವಣಿಗೆಯಲ್ಲಿ ಕೇಳಿ, ನಿಮ್ಮ ದಾಖಲೆ ನಿಮ್ಮ ಹಕ್ಕು. ನಮ್ಮ ಕಡೆ ಗರ್ಭಕೋಶದ ಒಳಗೋಡೆ ಅಂಟಿಕೊಂಡಿರುವುದಕ್ಕೆ ಜನನಾಂಗದ ಕ್ಷಯ ದೊಡ್ಡದೊಂದು ಕಾರಣ. ಅಂಥವರು ಹಿಸ್ಟೆರೊಸ್ಕೋಪಿಯ (ಗರ್ಭಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಚಿತ್ರಗಳನ್ನೂ ಕ್ಷಯದ ಔಷಧ ಪೂರ್ತಿ ಮುಗಿಸಿದ ದಾಖಲೆಯನ್ನೂ ಜೋಡಿಸಬೇಕು.

ಮಂಡಳಿಯ ಪತ್ರ ಕೈಗೆ ಬಂದ ಮೇಲೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ದಂಪತಿ ಮತ್ತು ಹೊರುವಾಕೆ ಸೇರಿ ಅರ್ಜಿ ಹಾಕಿ, ಹುಟ್ಟುವ ಮಗುವಿನ ತಂದೆತಾಯಿ ಯಾರು, ಪಾಲನೆ ಯಾರದು ಎಂಬ ಆದೇಶ ಪಡೆಯಬೇಕು. ಆಮೇಲೆ ಆಕೆಯ ಹೆಸರಿನಲ್ಲಿ 36 ತಿಂಗಳ ವಿಮೆ, ಹೆರಿಗೆಯ ನಂತರದ ತೊಡಕುಗಳೂ ಅದರಲ್ಲಿ ಸೇರಿರಬೇಕು. ಈ ಮೂರೂ ಸೇರಿದರೆ ಅಗತ್ಯತಾ ಪ್ರಮಾಣಪತ್ರ, ಜೊತೆಗೆ ಆಕೆಗೂ ದಂಪತಿಗೂ ಬೇರೆ ಬೇರೆ ಅರ್ಹತಾ ಪ್ರಮಾಣಪತ್ರ. ಅರ್ಜಿಯನ್ನು ಈ ಪ್ರಮಾಣಪತ್ರ ಕೊಡುವ ಸರ್ಕಾರಿ ಪ್ರಾಧಿಕಾರ 90 ದಿನದೊಳಗೆ ಇತ್ಯರ್ಥ ಮಾಡಬೇಕು. ತಿರಸ್ಕರಿಸಿದರೆ, ಆ ಪತ್ರ ಕೈಸೇರಿದ 30 ದಿನದೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು. ಬೇಸರದಲ್ಲಿ ಈ ಮೂವತ್ತು ದಿನ ಕಳೆದುಕೊಂಡುಬಿಡುವವರು ಇದ್ದಾರೆ. ತಿರಸ್ಕಾರದ ಪತ್ರ ಬಂದ ದಿನವೇ ಅದರ ಮೇಲೆ ತಾರೀಖು ಬರೆದಿಡಿ.

ಬೆಂಗಳೂರಿನಲ್ಲಿ ಕಡತ ವಾಪಸ್ ಬರುವುದಕ್ಕೆ ದೊಡ್ಡ ಕಾನೂನಿನ ತೊಡಕೇ ಬೇಕಾಗಿಲ್ಲ, ಹೆಸರಿನ ಕಾಗುಣಿತ ಸಾಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಮದುವೆ ನೋಂದಣಿಯಲ್ಲಿ ಗಂಡನ ಹೆಸರು ಸೇರಿದ್ದು. ಮೂರೂ ಒಬ್ಬರೇ ಎಂದು ಸಾಬೀತುಪಡಿಸುವ ಅಫಿಡವಿಟ್‌ನ್ನು ಮೊದಲೇ ಮಾಡಿಸಿಡಿ. ಮದುವೆಯಾಗಿ ಹತ್ತು ವರ್ಷವಾದರೂ ನೋಂದಣಿ ಮಾಡಿಸದವರು ಮೊದಲು ಉಪನೋಂದಣಾಧಿಕಾರಿ ಕಚೇರಿಯ ಕೆಲಸ ಮುಗಿಸಿ. ಇದಕ್ಕಿಂತ ಗಂಭೀರವಾದದ್ದು ಹೊರುವಾಕೆಯ ವಯಸ್ಸಿನ ದಾಖಲೆ. ಶಾಲೆ ಅರ್ಧಕ್ಕೆ ಬಿಟ್ಟವರ ಆಧಾರ್‌ನಲ್ಲಿ ಎಷ್ಟೋ ಸಲ ಜನವರಿ 1 ಎಂದೇ ಜನ್ಮದಿನ ಇರುತ್ತದೆ, ಅಂದಾಜಿಗೆ ಬರೆಸಿದ್ದು. ನಿಜವಾದ ವಯಸ್ಸು 33 ಇದ್ದು ಕಾಗದದಲ್ಲಿ 35 ದಾಟಿದ್ದರೆ ಆಕೆ ಅನರ್ಹಳೇ. ಶಾಲಾ ದಾಖಲಾತಿ ಪುಸ್ತಕದ ನಕಲು, ವರ್ಗಾವಣೆ ಪತ್ರ, ಜನನ ನೋಂದಣಿ, ಇವುಗಳಲ್ಲಿ ಒಂದನ್ನು ಹುಡುಕಿ ತಂದು ಮೊದಲು ತಿದ್ದುಪಡಿ ಮಾಡಿಸಿ, ಆಮೇಲೆ ಅರ್ಜಿ.

ಹೊರುವಾಕೆ ಹತ್ತಿರದ ಸಂಬಂಧಿಯೇ ಆಗಿರಬೇಕೆಂಬುದು 2019ರ ಮಸೂದೆಯಲ್ಲಿದ್ದ ಮಾತು. ಜಾರಿಯಾದ ಕಾಯ್ದೆ ‘ಒಪ್ಪುವ ಮಹಿಳೆ’ ಎನ್ನುತ್ತದೆ. ಹಣ ಕೊಟ್ಟು ಹೊರಿಸುವಂತಿಲ್ಲ. ವೈದ್ಯಕೀಯ ವೆಚ್ಚ, ವಿಮೆ, ನಿಯಮದಲ್ಲಿ ಹೇಳಿದ ಖರ್ಚು ಇಷ್ಟೇ. ‘ಎಲ್ಲಾ ಪ್ಯಾಕೇಜ್‌ನಲ್ಲಿ ಬರುತ್ತೆ, ಹುಡುಗಿಯನ್ನ ನಾವೇ ಕೊಡ್ತೀವಿ’ ಎನ್ನುವ ಮಧ್ಯವರ್ತಿ ಎದುರಾದರೆ ಎದ್ದು ಬನ್ನಿ. ವಾಣಿಜ್ಯ ಸರೋಗಸಿಗೆ ಹೋದ ದಂಪತಿಗೂ ಐದು ವರ್ಷದವರೆಗೆ ಸೆರೆವಾಸವಿದೆ, ನಡೆಸುವವರಿಗೆ ಹತ್ತು ವರ್ಷದವರೆಗೆ. ಸೋತು ಸುಣ್ಣವಾದವರನ್ನೇ ಇವರು ಹುಡುಕಿಕೊಂಡು ಬರುತ್ತಾರೆ ಎಂಬುದು ನಮಗೆ ಬಹಳ ನೋವಿನ ಸಂಗತಿ.

ಆಕೆಯ ಒಪ್ಪಿಗೆ ಆಕೆಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಇಂಗ್ಲಿಷ್ ಫಾರಂಗೆ ಹೆಬ್ಬೆಟ್ಟು ಒತ್ತಿಸುವುದು ಒಪ್ಪಿಗೆ ಅಲ್ಲ. ಭ್ರೂಣ ಇಡುವ ಕ್ಷಣದವರೆಗೂ ಆಕೆ ಹಿಂದೆ ಸರಿಯಬಹುದು, ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲ. ಹಿಂದೆ ಸರಿದರೆ ಮಂಡಳಿಯ ಪತ್ರ ಉಳಿಯುತ್ತದೆ. ನ್ಯಾಯಾಲಯದ ಆದೇಶ, ವಿಮೆ, ಅರ್ಹತಾ ಪತ್ರ ಮೂರೂ ಆಕೆಯ ಹೆಸರಿಗಿದ್ದುದರಿಂದ ಹೊಸದಾಗಿ ಆಗಬೇಕು. ಇದು ದೊಡ್ಡ ಹಿನ್ನಡೆಯೇ. ಆದರೆ ಮನೆಯವರ ಒತ್ತಾಯಕ್ಕೆ ಮಣಿದು ಅರೆಮನಸ್ಸಿನಿಂದ ಮುಂದುವರಿದವರ ಗರ್ಭಕಾಲ ಎರಡೂ ಮನೆಗೆ ಹಿಂಸೆ. ಆಕೆಯ ಗಂಡ, ಅತ್ತೆ, ಮಕ್ಕಳು, ಮೂವರ ಜೊತೆಗೂ ಮೊದಲೇ ಕೂತು ಮಾತಾಡಿ. ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ಎಚ್‌ಐವಿ, ಹೆಪಟೈಟಿಸ್, ಗರ್ಭಕೋಶದ ಸ್ಕ್ಯಾನ್ ಇವನ್ನು ಅರ್ಜಿಗೆ ಮೊದಲೇ ಮಾಡಿಸಿ. ರಕ್ತಹೀನತೆ, ಥೈರಾಯ್ಡ್ ತಿದ್ದಲು ಎರಡು ಮೂರು ತಿಂಗಳು ಬೇಕು, ಆ ತಿಂಗಳುಗಳು ಕಾಗದದ ಓಡಾಟದ ಜೊತೆಗೇ ಸಾಗಲಿ.

ಇನ್ನು ಭ್ರೂಣ ಇಡುವ ಸುತ್ತು. ಎರಡು ಬಗೆ ಇದೆ. ಒಂದು ಮಾತ್ರೆಯ ಸುತ್ತು: ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಒಳಪದರ ಬೆಳೆಸುವ ಎಸ್ಟ್ರಾಡಿಯೋಲ್ ಹಾರ್ಮೋನಿನ 2 ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರು, ಹತ್ತರಿಂದ ಹದಿನಾಲ್ಕು ದಿನ. ಸ್ಕ್ಯಾನಿನಲ್ಲಿ ಒಳಪದರ 7 ಮಿಲಿಮೀಟರ್ ಮೀರಿ ಮೂರು ಗೆರೆ ಕಂಡರೆ ಗರ್ಭ ನಿಲ್ಲಲು ನೆರವಾಗುವ ಪ್ರೊಜೆಸ್ಟರಾನ್ ಹಾರ್ಮೋನ್ ಶುರು, ಐದು ದಿನ ಪೂರ್ತಿಯಾದ ಮೇಲೆ ಆರನೇ ದಿನ ಬ್ಲಾಸ್ಟೊಸಿಸ್ಟ್ ಇಡುತ್ತಾರೆ. ಇದು ದಿನ ಹೊಂದಿಸಲು ಅನುಕೂಲ. ಇನ್ನೊಂದು ಸಹಜ ಸುತ್ತು, ಆಕೆಯದೇ ಅಂಡ ಬಿಡುಗಡೆಯ ದಿನ ಗುರುತಿಸಿ ಅದಕ್ಕೆ ತಕ್ಕಂತೆ ಇಡುವುದು. ಆ ತಿಂಗಳು ಆಕೆ ಗಂಡನೊಂದಿಗೆ ಕೂಡುವಂತಿಲ್ಲ ಎಂಬುದನ್ನು ಇಬ್ಬರಿಗೂ ಬಿಡಿಸಿ ಹೇಳಿರಬೇಕು. ಮುಟ್ಟು ಕ್ರಮವಾಗಿದ್ದರೆ ಸಹಜ ಸುತ್ತಿನ ಬಗ್ಗೆ ವೈದ್ಯರನ್ನು ಕೇಳಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಮಾತ್ರೆಯ ಸುತ್ತಿನಲ್ಲಿ ಅಂಡಾಶಯದಲ್ಲಿ ಕಾರ್ಪಸ್ ಲೂಟಿಯಂ (ಅಂಡ ಬಿಡುಗಡೆಯಾದ ಜಾಗದಲ್ಲಿ ಹುಟ್ಟಿ ಹಾರ್ಮೋನ್ ಕೊಡುವ ಗ್ರಂಥಿ) ಉಂಟಾಗುವುದಿಲ್ಲ, ಅಂಥ ಗರ್ಭಗಳಲ್ಲಿ ಮುಂದೆ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯ ಅಪಾಯ ಹೆಚ್ಚು. ಅಪಾಯ ಹೊರುವುದು ಆಕೆಯ ದೇಹ. ಆಕೆ ತುಮಕೂರು ಅಥವಾ ಕೋಲಾರದ ಕಡೆಯವರಾದರೆ ಸ್ಕ್ಯಾನಿಗೆ ಓಡಾಡುವುದು ಸಹಜ ಸುತ್ತಿನಲ್ಲಿ ಹೆಚ್ಚು, ಆ ಹತ್ತು ದಿನ ನಗರದಲ್ಲೇ ಉಳಿಯುವ ಏರ್ಪಾಡು ಮಾಡಿ.

ಸುತ್ತು ರದ್ದಾಗುವುದಕ್ಕೂ ಸೋಲುವುದಕ್ಕೂ ವ್ಯತ್ಯಾಸ ಇದೆ. ಒಳಪದರ ತೆಳುವಾಗಿದೆ, ಒಳಗೆ ನೀರು ನಿಂತಿದೆ, ಪಾಲಿಪ್ (ಒಳಪದರದ ಸಣ್ಣ ಗಂಟು) ಕಂಡಿದೆ ಎಂದು ವೈದ್ಯರು ನಿಲ್ಲಿಸಿದರೆ ಭ್ರೂಣ ಉಳಿಯಿತು. ಆ ದಿನ ಅಳು ಬಂದರೂ ಅದು ನಷ್ಟವಲ್ಲ. ಪಾಲಿಪ್ ತೆಗೆಸಿ, ನೀರು ಏಕೆ ನಿಂತಿತೆಂದು ನೋಡಿಸಿ ಮುಂದಿನ ತಿಂಗಳು ಬನ್ನಿ. ‘ಬಂದದ್ದಾಗಿದೆ, ಇಟ್ಟುಬಿಡಿ’ ಎಂದು ವೈದ್ಯರನ್ನು ಒತ್ತಾಯಿಸಬೇಡಿ, ಮೂರರಲ್ಲಿ ಒಂದು ಪ್ರಯತ್ನ ಕಳೆಯುತ್ತದೆ. ಹಾಗೆಯೇ ಎರಡು ಭ್ರೂಣ ಇಡಿ ಎಂಬ ಒತ್ತಾಯವೂ ಬೇಡ. ನಿಯಮ ಹೇಳುವುದು ಒಂದೇ, ವಿಶೇಷ ಸಂದರ್ಭದಲ್ಲಷ್ಟೇ ಮೂರರವರೆಗೆ. ಅವಳಿ ಗರ್ಭವೆಂದರೆ ಅವಧಿಗೆ ಮುನ್ನ ಹೆರಿಗೆ, ಆಕೆಗೆ ರಕ್ತಸ್ರಾವ, ಮಕ್ಕಳಿಗೆ ಐಸಿಯು, ಈ ಸಾಧ್ಯತೆಗಳೆಲ್ಲ ಒಟ್ಟಿಗೆ ಏರುತ್ತವೆ.

ಇಟ್ಟ ಮೇಲೆ ಹಾಸಿಗೆ ಹಿಡಿಯಬೇಕಾಗಿಲ್ಲ. ಪ್ರೊಜೆಸ್ಟರಾನ್ ಮಾತ್ರ ಒಂದು ಹೊತ್ತೂ ತಪ್ಪಬಾರದು. ಮಾತ್ರೆಯ ಸುತ್ತಿನಲ್ಲಿ ಗರ್ಭಕ್ಕೆ ಮುಖ್ಯ ಆಧಾರ ಅದೇ. ಹತ್ತರಿಂದ ಹದಿನಾಲ್ಕನೇ ದಿನದೊಳಗೆ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ. ಸಹಜ ಸುತ್ತಿನಲ್ಲಿ ಎಚ್‌ಸಿಜಿ ಟ್ರಿಗರ್ ಕೊಟ್ಟಿದ್ದರೆ ಮನೆಯ ಮೂತ್ರ ಪರೀಕ್ಷೆ ಹತ್ತು ದಿನದವರೆಗೂ ಸುಳ್ಳು ಗೆರೆ ತೋರಿಸಬಹುದು, ಆ ಗೆರೆ ನಂಬಿ ಊರಿಗೆಲ್ಲ ಹೇಳಿದ ಮೇಲೆ ಬರುವ ನೋವು ಎರಡರಷ್ಟು.

ಬೀಟಾ ಶೂನ್ಯ ಬಂದರೆ ಭ್ರೂಣ ಅಂಟಲೇ ಇಲ್ಲ ಎಂದರ್ಥ. ಮೊದಲ ಸೋಲಾದರೆ ಹೆಚ್ಚಾಗಿ ಭ್ರೂಣದ ವರ್ಣತಂತುವೇ ಕಾರಣ, ಸ್ವಂತ ಮಗು ಹೆತ್ತ ಗರ್ಭಕೋಶವನ್ನು ತಕ್ಷಣ ದೂರಬೇಡಿ. ಆದರೂ ವೈದ್ಯರ ಹತ್ತಿರ ಕೂತು ನಾಲ್ಕು ಪ್ರಶ್ನೆ ಕೇಳಿ: ಹೆಪ್ಪು ಕರಗಿಸಿದ ಮೇಲೆ ಭ್ರೂಣ ಮತ್ತೆ ಉಬ್ಬಿತ್ತೇ? ಕ್ಯಾಥೆಟರ್ (ಭ್ರೂಣ ಇಡುವ ಕೊಳವೆ) ಸಲೀಸಾಗಿ ಹೋಯಿತೇ, ರಕ್ತ ಕಂಡಿತೇ? ಆ ದಿನ ರಕ್ತದಲ್ಲಿ ಪ್ರೊಜೆಸ್ಟರಾನ್ ಎಷ್ಟಿತ್ತು? ಉಳಿದ ಭ್ರೂಣಗಳ ವರ್ಣತಂತು ಪರೀಕ್ಷೆ ಮಾಡಿಸಿದರೆ ಪ್ರಯೋಜನ ಇದೆಯೇ? ಪ್ರೊಜೆಸ್ಟರಾನ್ ಮಟ್ಟ ಕಡಿಮೆಯಿದ್ದರೆ ಮುಂದಿನ ಸಲ ಇಂಜೆಕ್ಷನ್ ಸೇರಿಸುವುದು ಸುಲಭದ ತಿದ್ದುಪಡಿ. ಬೀಟಾ ಸ್ವಲ್ಪ ಏರಿ ಇಳಿದರೆ ಭ್ರೂಣ ಅಂಟಿ ನಿಂತುಹೋಗಿದೆ. 48 ಗಂಟೆಗೆ ಸುಮಾರು ಎರಡರಷ್ಟಾಗಬೇಕಾದ್ದು ನಿಧಾನವಾಗಿ ಏರುತ್ತಿದ್ದರೆ ಗರ್ಭನಾಳದಲ್ಲಿ ಗರ್ಭ ನಿಂತಿದೆಯೇ ಎಂದು ನೋಡಲೇಬೇಕು, ಭ್ರೂಣವನ್ನು ಗರ್ಭಕೋಶದೊಳಗೇ ಇಟ್ಟರೂ ಅಪರೂಪಕ್ಕೆ ಹಾಗಾಗುತ್ತದೆ. ಆಕೆಗೆ ಹೊಟ್ಟೆಯ ಒಂದು ಬದಿ ನೋವು, ತಲೆಸುತ್ತು ಬಂದರೆ ರಾತ್ರಿಯಾದರೂ ಕಾಯಬೇಡಿ.

ಎಲ್ಲಕ್ಕಿಂತ ಕಠಿಣವಾದದ್ದು ಆರೇಳು ವಾರದ ಸ್ಕ್ಯಾನಿನಲ್ಲಿ ಚೀಲ ಇದ್ದು ಎದೆಬಡಿತ ಇಲ್ಲದಿರುವುದು, ಅಥವಾ ಒಮ್ಮೆ ಕಂಡ ಬಡಿತ ಮುಂದಿನ ಸಲ ನಿಂತಿರುವುದು. ಆ ಹೊತ್ತಿನಲ್ಲಿ ಯಾರಿಗೂ ಏನೂ ತೋಚುವುದಿಲ್ಲ, ಆದರೆ ಒಂದು ಕೆಲಸ ಆಗಲೇ ಆಗಬೇಕು. ಗರ್ಭ ತೆಗೆದಾಗ ಆ ಅಂಗಾಂಶವನ್ನು ವರ್ಣತಂತು ಪರೀಕ್ಷೆಗೆ ಕಳುಹಿಸಿ ಎಂದು ಮೊದಲೇ ಹೇಳಿ, ಅದನ್ನು ಫಾರ್ಮಲಿನ್‌ನಲ್ಲಿ ಹಾಕದೆ ಶುದ್ಧ ಸಲೈನ್‌ನಲ್ಲಿ ಇಡಿಸಿ. ಫಾರ್ಮಲಿನ್‌ಗೆ ಬಿದ್ದರೆ ಜೀವಕೋಶ ಬೆಳೆಸಲಾಗದು. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟು ವರ್ಣತಂತು ದೋಷದಿಂದ. ವರದಿ ಹಾಗೆ ಬಂದರೆ ಹೊರುವಾಕೆಯನ್ನು ಬದಲಿಸುವುದರಿಂದ ಏನೂ ಆಗದು, ಭ್ರೂಣಗಳನ್ನೇ ಪರೀಕ್ಷಿಸಬೇಕು. ವರ್ಣತಂತು ಸರಿಯಿದ್ದೂ ನಿಂತಿದ್ದರೆ ಆಕೆಯ ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಒಳಭಾಗ ಮತ್ತೆ ನೋಡಬೇಕು. ಗರ್ಭ ತೆಗೆಯುವುದಕ್ಕೆ ಆಕೆಯ ಲಿಖಿತ ಒಪ್ಪಿಗೆಯೂ ಪ್ರಾಧಿಕಾರದ ಅನುಮತಿಯೂ ಬೇಕೆಂದು ಕಾಯ್ದೆ ಹೇಳುತ್ತದೆ, ಅದರ ಕಾಗದವನ್ನು ಕ್ಲಿನಿಕ್ ಹೇಗೆ ಮಾಡುತ್ತದೆಂದು ಸುತ್ತು ಶುರುವಾಗುವ ಮೊದಲೇ ಕೇಳಿಟ್ಟುಕೊಳ್ಳಿ.

‘ಅಕ್ಕಾ, ನನ್ನಿಂದ ಏನಾದ್ರೂ ತಪ್ಪಾಯ್ತಾ?’ ಎಂದು ಆಕೆ ಕೇಳಿಯೇ ಕೇಳುತ್ತಾಳೆ. ಪರಂಗಿ ತಿಂದಳು, ಬಸ್ಸಿನಲ್ಲಿ ಹೋದಳು, ನೀರಿನ ಕೊಡ ಎತ್ತಿದಳು ಎಂದು ಮನೆಯ ಹಿರಿಯರು ಪಟ್ಟಿ ಮಾಡುವ ಮೊದಲೇ ವೈದ್ಯರಿಂದ ಅವರೆಲ್ಲರ ಎದುರಿಗೆ ಹೇಳಿಸಿ: ಇದರಲ್ಲಿ ಆಕೆಯ ತಪ್ಪಿಲ್ಲ. ಆಕೆಗೆ ಮುಟ್ಟು ಒಂದೆರಡು ಸಲ ಕ್ರಮವಾಗಿ ಬರಲಿ, ಹಿಮೋಗ್ಲೋಬಿನ್ ಮತ್ತೆ ನೋಡಲಿ, ಅಷ್ಟು ಬಿಡುವು ಕೊಡಿ. ದಂಪತಿಗೂ ಬಿಡುವು ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಗಂಡಸರು ಇದನ್ನು ಬಳಸುವುದು ಕಡಿಮೆ, ಬಳಸಬೇಕು.

ಬಡಿತ ಗಟ್ಟಿಯಾಗಿ ಹನ್ನೆರಡು ವಾರ ದಾಟಿದರೆ ದಾರಿ ಉಳಿದ ಗರ್ಭಗಳಂತೆಯೇ. 11ರಿಂದ 13 ವಾರದ ಎನ್‌ಟಿ ಸ್ಕ್ಯಾನ್ (ಶಿಶುವಿನ ಕತ್ತಿನ ಹಿಂಭಾಗ ಅಳೆಯುವುದು), 18ರಿಂದ 20 ವಾರದ ಅನಾಮಲಿ ಸ್ಕ್ಯಾನ್ (ಅಂಗಗಳ ರಚನೆ ನೋಡುವುದು), 24ರಿಂದ 28 ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ಸಕ್ಕರೆ ಪರೀಕ್ಷೆ. ರಕ್ತದೊತ್ತಡದ ಅಪಾಯ ಇದ್ದರೆ 16 ವಾರದೊಳಗೆ ಆಸ್ಪಿರಿನ್ ಬೇಕೇ ಎಂದು ಕೇಳಿ, ತಡವಾದರೆ ಅದರ ಫಲ ಕಡಿಮೆ. ಆಕೆಯ ಮನೆಯಲ್ಲೊಂದು ರಕ್ತದೊತ್ತಡದ ಯಂತ್ರ ಇರಲಿ.

ಹೆರಿಗೆಗೆ ದಾಖಲಾಗುವಾಗ ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿಯನ್ನು ಆಸ್ಪತ್ರೆಯ ಕಡತದ ಮೊದಲ ಪುಟದಲ್ಲಿ ಹಾಕಿಸಿ. ಜನನ ನೋಂದಣಿಗೆ ಅದೇ ಆಧಾರ, ಆಸ್ಪತ್ರೆ 21 ದಿನದೊಳಗೆ ರಾಜ್ಯದ ಜನನ ನೋಂದಣಿ ಜಾಲತಾಣ ಇ-ಜನ್ಮದಲ್ಲಿ ತಂದೆತಾಯಿಯಾಗಿ ದಂಪತಿಯ ಹೆಸರು ಬರೆಸಬೇಕು. ರಾತ್ರಿ ಪಾಳಿಯಲ್ಲಿ ಹೆತ್ತವಳ ಹೆಸರನ್ನೇ ತಾಯಿ ಎಂದು ನಮೂದಿಸಿಬಿಟ್ಟರೆ ತಿದ್ದಿಸುವುದು ದೊಡ್ಡ ಪಾಡು. ಖಾಸಗಿ ಉದ್ಯೋಗದ ತಾಯಿಗೆ ಮಗು ಕೈಗೆ ಬಂದ ದಿನದಿಂದ 12 ವಾರ ರಜೆ, ಕೇಂದ್ರ ಸರ್ಕಾರಿ ನೌಕರಿಯವರಿಗೆ 2024ರ ತಿದ್ದುಪಡಿಯಂತೆ 180 ದಿನ, ತಂದೆಗೆ 15 ದಿನ. ಎಚ್‌ಆರ್‌ಗೆ ರಜೆಯ ಪತ್ರವನ್ನು ಏಳನೇ ತಿಂಗಳಲ್ಲೇ ಕೊಟ್ಟಿಡಿ. ಮೊಲೆಹಾಲು ಬರಿಸಿಕೊಳ್ಳಬೇಕೆಂದಿರುವ ತಾಯಂದಿರು ಕೆಲವು ತಿಂಗಳ ಮೊದಲೇ ಸ್ತನ್ಯಪಾನ ಸಲಹೆಗಾರರನ್ನು ಕಾಣಬೇಕು, ಪಂಪ್‌ನಿಂದ ಅಭ್ಯಾಸ ಆಗಬೇಕು. ಪೂರ್ತಿ ಹಾಲು ಬರದಿದ್ದರೂ ಮಗುವನ್ನು ಎದೆಗೆ ಹಚ್ಚಬಹುದು.

ಆಕೆಗೂ ಎರಡು ಮೂರು ದಿನದಲ್ಲಿ ಎದೆ ತುಂಬುತ್ತದೆ. ಹಾಲು ನಿಲ್ಲಿಸುವ ಔಷಧವೋ, ಹಿಂಡಿ ಕೊಡುವುದೋ, ಆಕೆಯ ಇಷ್ಟ, ಅದನ್ನು ಹೆರಿಗೆಗೆ ಮೊದಲೇ ಮಾತಾಡಿರಬೇಕು. ಮಗುವನ್ನು ಮನೆಗೆ ಕರೆತಂದ ಗಡಿಬಿಡಿಯಲ್ಲಿ ಆಕೆಯ ಆರನೇ ವಾರದ ತಪಾಸಣೆ ಮರೆತುಹೋಗುವುದು ಸಾಮಾನ್ಯ. ಹೊಲಿಗೆ, ರಕ್ತದೊತ್ತಡ, ಹಿಮೋಗ್ಲೋಬಿನ್, ಮನಸ್ಸು ನಾಲ್ಕನ್ನೂ ಅಂದು ನೋಡಿಸಬೇಕು. ವಿಮೆಯ ಮೂಲ ಪತ್ರ ಆಕೆಯ ಕೈಯಲ್ಲೇ ಇರಲಿ, 36 ತಿಂಗಳು ಮುಗಿಯುವ ತಾರೀಖನ್ನು ಅದರ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದು, ಕ್ಲೇಮ್ ಮಾಡುವುದು ಹೇಗೆಂದು ಆಕೆಯ ಗಂಡನಿಗೂ ಹೇಳಿಕೊಡಿ.